ತೂಗುಮಣೆಯ ಮೇಲೊಂದು ಮಡಿಕೋಲು

ಮೇಡಂ ಹೋದ ಸುದ್ದಿಯನ್ನು ಫೋನಿನಲ್ಲಿ ತಿಳಿಸಿದವರು ಅವರ ಅಕ್ಕ. ಬೆಳಿಗ್ಗೆ ಕಾಫಿ ಕುಡಿದು, ಲೋಟ ತೊಳೆದು ಕವಿಚಿಟ್ಟು, ಕುರ್ಚಿಯಲ್ಲಿ ಕೂತವಳು ಮತ್ತೆ ಏಳಲಿಲ್ಲ ಎಂದು ನಿಧಾನವಾಗಿ ಹೇಳಿದರು. "ಆ ಮಷೀನು ನಿನಗೆ ಅಂತ ಹೇಳಿಟ್ಟಿದಾಳೆ ಮಾ. ಕಾರ್ಯ ಎಲ್ಲ ಮುಗಿದ ಮೇಲೆ ಬಂದು ಎತ್ಕೊಂಡು ಹೋಗು. ಅದರ ಧೂಳು ಒರೆಸೋಕ್ಕೂ ನನಗೆ ಭಯ," ಎಂದರು.

ಆ ಯಂತ್ರ ಈಗ ನನ್ನ ಮನೆಯಲ್ಲಿದೆ. ಹಾಡಿನ ಪ್ಲೇಟು ನುಡಿಸುವ ಟರ್ನ್‌ಟೇಬಲ್. ನೋಡಲು ಚೆಂದವಿಲ್ಲ. ದಪ್ಪನೆಯ ತೇಗದ ಹಲಗೆಯ ಎಡಗಡೆ ಒಂದು ಕಂಪನಿಯ ತಿರುಗುವ ತಟ್ಟೆ, ಬಲಗಡೆ ಬೇರೆಯೇ ಕಂಪನಿಯ, ಬೇರೆಯೇ ಕಾಲದ, ಅಳತೆ ಮೀರಿ ಉದ್ದವಾದ ಕೈ. ಮನೆಗೆ ಬಂದವರು ಇದು ಕೆಲಸ ಮಾಡುತ್ತದೆಯೇ ಎಂದು ಕೇಳುತ್ತಾರೆ. ಮಾಡುತ್ತದೆ ಎನ್ನುತ್ತೇನೆ. ಮಾಡಿದವರು ಯಾರು ಎಂದು ಯಾರೂ ಕೇಳಿಲ್ಲ. ಕೇಳಿದ್ದರೂ ನಿಂತಲ್ಲೇ ಹೇಳಿ ಮುಗಿಸುವುದು ನನ್ನಿಂದ ಆಗುತ್ತಿರಲಿಲ್ಲ.

ಅವರು ನನಗೆ ಭೌತಶಾಸ್ತ್ರ ಕಲಿಸಿದವರು. ತೊಂಬತ್ತರ ದಶಕದ ಕೊನೆ, ಚೆನ್ನೈನ ಒಂದು ಹೆಣ್ಣುಮಕ್ಕಳ ಕಾಲೇಜು. ನಾನು ಕನ್ನಡದವಳೆಂದು ಅವರಿಗೆ ಗೊತ್ತಾದದ್ದು ಲೋಲಕದ ಪ್ರಯೋಗದಲ್ಲಿ. ದಾರಕ್ಕೆ ಕಟ್ಟಿದ ಗುಂಡು ಆ ಕಡೆ ಈ ಕಡೆ ತೂಗುವುದನ್ನು ಎಣಿಸಬೇಕಿತ್ತು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಗೆಳತಿಯರೊಡನೆ ಮಾತು ತಮಿಳಿನಲ್ಲಿ. ಆದರೆ ಎಣಿಕೆ ಮಾತ್ರ ತುಟಿಯೊಳಗೆ ಕನ್ನಡದಲ್ಲೇ ನಡೆಯುತ್ತಿತ್ತು. ಅದು ನನಗೇ ತಿಳಿದಿರಲಿಲ್ಲ. ಬೆನ್ನ ಹಿಂದೆ ಬಂದು ನಿಂತಿದ್ದ ಮೇಡಂ ನಾನು ಎಣಿಸಿ ಮುಗಿಸುವವರೆಗೂ ಕಾದು, ಆಮೇಲೆ ಕೇಳಿದರು, "ಯಾವೂರು ನಿಮ್ಮದು?"

ಉಡುಪಿಯ ಕಡೆ, ಅಪ್ಪ ಇಲ್ಲಿ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರು ಎಂದೆ. "ಓಹೋ, ಹೋಟೆಲ್ ಕನ್ನಡ," ಎಂದು ತಲೆಯಾಡಿಸಿದರು. ಅವರದು ನಾಲ್ಕು ತಲೆಮಾರಿನಿಂದ ತಿರುವಲ್ಲಿಕೇಣಿಯಲ್ಲಿದ್ದ ಮಾಧ್ವರ ಮನೆ. ಅವರ ಕನ್ನಡದಲ್ಲಿ 'ಆಮೇಲೆ' ಎಂಬ ಮಾತು ಇರಲಿಲ್ಲ, 'ಅಪ್ಪರಂ' ಇತ್ತು. ಅದನ್ನು ಅವರೇ ಹಾಸ್ಯ ಮಾಡಿಕೊಳ್ಳುತ್ತಿದ್ದರು: "ನಮ್ಮದು ಮಡಿ ಕನ್ನಡ ಮಾ. ಆದರೆ ಅರ್ಧ ತಮಿಳು ಮುಟ್ಟಿಬಿಟ್ಟಿದೆ."

ಕುಳ್ಳಗೆ, ಸ್ವಲ್ಪ ದಪ್ಪಗೆ, ಪಾದದ ಮೇಲೆ ನಿಲ್ಲುವಂತೆ ಉಟ್ಟ ನೂಲಿನ ಸೀರೆ. ಸೊಂಟಕ್ಕೆ ಸಿಕ್ಕಿಸಿದ ಬೀಗದಕೈ ಗೊಂಚಲಿನಲ್ಲಿ ಒಂದು ಪುಟ್ಟ ಸ್ಕ್ರೂಡ್ರೈವರ್ ತೂಗುತ್ತಿತ್ತು. ಸ್ಕ್ರೂ ಬಿಗಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮೊದಲ ಸಲ ನೋಡಿದಾಗ ಪ್ರಾರ್ಥನೆ ಮಾಡುತ್ತಿದ್ದಾರೇನೋ ಎನ್ನಿಸಿತ್ತು. ಕೇಳಿದ್ದಕ್ಕೆ, ಎಷ್ಟು ಬಿಗಿ ಸಾಕು ಎಂಬುದು ಕಣ್ಣಿಗೆ ತಿಳಿಯುವ ವಿಷಯವಲ್ಲ, ಅದು ಸುಮ್ಮನೆ ನಡುವೆ ಬಾಯಿ ಹಾಕುತ್ತದೆ ಎಂದರು. ಯಾರ ಕೆಲಸ ಎಷ್ಟೇ ಚೆನ್ನಾಗಿದ್ದರೂ ಅವರ ಬಾಯಿಂದ ಬರುತ್ತಿದ್ದುದು ಒಂದೇ ಮಾತು, "ಪರವಾಯಿಲ್ಲೆ." ತಮಿಳಿನಲ್ಲಿ ಅದು ಅಂಥ ದೊಡ್ಡ ಹೊಗಳಿಕೆಯೇನೂ ಅಲ್ಲ. ನಾವು ಆ ಒಂದು ಮಾತಿಗಾಗಿ ಇಡೀ ಮಧ್ಯಾಹ್ನ ನಿಂತು ಕೆಲಸ ಮಾಡುತ್ತಿದ್ದೆವು.

ಅವರ ತಾಯಿಯ ಮನೆಯಲ್ಲಿ ಮಡಿ ಬಹಳ. ಒಗೆದ ಸೀರೆಯನ್ನು ಯಾರೂ ಮುಟ್ಟದಂತೆ ಸೂರಿನ ಹತ್ತಿರ ಕಟ್ಟಿದ ಗಳುವಿನ ಮೇಲೆ ಒಂದು ಉದ್ದ ಕೋಲಿನಿಂದ ಹರವುತ್ತಿದ್ದರು, ಮರುದಿನ ಅದೇ ಕೋಲಿನಿಂದ ಇಳಿಸಿಕೊಳ್ಳುತ್ತಿದ್ದರು. ಅದೇ ಮಡಿಕೋಲು. ಮೇಡಂ ಸ್ವತಃ ಯಾವ ಮಡಿಯನ್ನೂ ಇಟ್ಟುಕೊಂಡಿರಲಿಲ್ಲ. ನಮ್ಮ ಅಪ್ಪನ ಹೋಟೆಲಿಗೆ ಬಂದು ಎಲ್ಲರ ನಡುವೆ ಕೂತು ಈರುಳ್ಳಿ ದೋಸೆ ತಿನ್ನುತ್ತಿದ್ದರು. ಆದರೆ ಪ್ರಯೋಗಾಲಯದಲ್ಲಿ ಬಳೆ ತೆಗೆದಿಟ್ಟು, ಕೈ ತೊಳೆದು ಒರೆಸಿಕೊಳ್ಳದೆ ಯಾವ ಉಪಕರಣವನ್ನೂ ಮುಟ್ಟುವಂತಿರಲಿಲ್ಲ. ಯಾರೋ ಒಬ್ಬಳು ಬೇಸರದಿಂದ ಇದೇನು ಮೇಡಂ ಮಡಿ ಎಂದು ಗೊಣಗಿದಳು. "ಮಡೀನೇ," ಎಂದರು ಮೇಡಂ. "ನಮ್ಮಮ್ಮನಿಗೆ ದೇವರ ಭಯ ಇತ್ತು, ನನಗೆ ಬೆರಳಿನ ಬೆವರಿನ ಭಯ. ಕೆಲಸ ಒಂದೇ."

ನಾನು ಓದು ಮುಗಿಸಿ ಬೇರೊಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವರು ನಿವೃತ್ತರಾದರು. ತಿರುವಲ್ಲಿಕೇಣಿಯ ಹಳೆಯ ಮನೆ ಪಾಲಾಗಿ ಮಾರಾಟವಾಗಿ, ಅವರು ಪೋರೂರಿನ ಒಂದು ಫ್ಲಾಟಿಗೆ ಬಂದರು. ಜೊತೆಗೆ ಅಕ್ಕ. ಅಕ್ಕ ಮದುವೆಯಾಗಿ ಸೇಲಂಗೆ ಹೋಗಿದ್ದವರು, ಗಂಡ ತೀರಿಕೊಂಡ ಮೇಲೆ ತಂಗಿಯ ಹತ್ತಿರ ಬಂದಿದ್ದರು. ಮೇಡಂ ಮದುವೆಯಾಗಿರಲಿಲ್ಲ. ಅಕ್ಕನನ್ನು ನಾನು ಚೆನ್ನೈನ ರೂಢಿಯಂತೆ ಮಾಮಿ ಎನ್ನುತ್ತಿದ್ದೆ.

ಒಂದು ಸಂಜೆ ಮೇಡಂ ಫೋನ್ ಮಾಡಿ, ಭಾನುವಾರಗಳಲ್ಲಿ ನನಗೇನಾದರೂ ಕೆಲಸ ಇರುತ್ತದೆಯೇ ಎಂದು ಕೇಳಿದರು. ಭಾನುವಾರ ಮನೆಯಿಂದ ಹೊರಗಿರಲು ನನಗೂ ಆಗ ಒಂದು ಕಾರಣ ಬೇಕಾಗಿತ್ತು. ಏಕೆ ಎಂಬುದು ಇಲ್ಲಿ ಬೇಡ. ಕೋಯಂಬೇಡಿನಲ್ಲಿ ಬಸ್ಸು ಬದಲಿಸಿ ಪೋರೂರಿಗೆ ಹೋದೆ.

ಮಾಮಿ ಅಂಗಡಿಗೆ ಹೋಗುವುದನ್ನು ಕಾಯುತ್ತಿದ್ದವರಂತೆ, ಅವರು ಬಾಗಿಲು ದಾಟಿದ ಕೂಡಲೇ ಮೇಡಂ ಮಂಚದ ಕೆಳಗಿನಿಂದ ಹಳೆಯ ಪಂಚೆಯಲ್ಲಿ ಸುತ್ತಿದ್ದ ಒಂದು ಪ್ಲೇಟನ್ನು ಹೊರತೆಗೆದರು. ಅಷ್ಟು ದೊಡ್ಡ ಪ್ಲೇಟನ್ನು ನಾನು ಕಂಡಿರಲಿಲ್ಲ. ನಮ್ಮ ಹೋಟೆಲಿನಲ್ಲಿ ಅಕ್ಕಿ ಆರಿಸುವ ತಟ್ಟೆಯಷ್ಟು ಅಗಲ. ಅಲ್ಯೂಮಿನಿಯಂ ತಟ್ಟೆಯ ಮೇಲೆ ಕಪ್ಪು ಅರಗಿನಂಥ ಲೇಪ, ಆ ಲೇಪದಲ್ಲಿ ಗೀರು, ಗೀರಿನ ಮೇಲೆ ಬೂದಿ ಹಚ್ಚಿದಂತೆ ಬಿಳಿಯ ಪುಡಿ. ಕನ್ನಡ ಚಿತ್ರಗಳೂ ಮದರಾಸಿನಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಸ್ಟುಡಿಯೋದವರು ಹಾಡನ್ನು ಇಂಥ ಪ್ಲೇಟಿಗೆ ಕೊರೆದು ನುಡಿಸಿ ನೋಡುತ್ತಿದ್ದರಂತೆ.

ಅದರ ಕತೆಯನ್ನು ಮೇಡಂ ನಿಂತುಕೊಂಡೇ ಹೇಳಿದರು. ಅಕ್ಕನಿಗೆ ಆಗ ಹತ್ತೊಂಬತ್ತು. ಚೆನ್ನಾಗಿ ಹಾಡುತ್ತಾಳೆ ಎಂದು ಪಕ್ಕದ ಮನೆಯವರು ಯಾರನ್ನೋ ಹಿಡಿದು, ಒಂದು ಚಿತ್ರದ ಜೋಗುಳಕ್ಕೆ ಕಂಠ ಪರೀಕ್ಷೆಗೆ ಸ್ಟುಡಿಯೋಗೆ ಕರೆಸಿದ್ದರು. ಅಪ್ಪನಿಗೆ ಅರ್ಧ ಮನಸ್ಸು. ಹಟ ಮಾಡಿ ಜೊತೆಗೆ ಹೋಗಿದ್ದ ಮೇಡಂ ಇನ್ನೂ ಚಿಕ್ಕ ಹುಡುಗಿ. ಅಕ್ಕ ಹಾಡಿದಳು, ಒಬ್ಬರು ಹಾರ್ಮೋನಿಯಂ ನುಡಿಸಿದರು. ಆಮೇಲೆ ಆ ಪ್ಲೇಟನ್ನು ಹಾಕಿ ಎಲ್ಲರೂ ಕೇಳಿದರು. ಚರಣದಲ್ಲಿ ಮೇಲಿನ ಷಡ್ಜಕ್ಕೆ ಏರಿ ನಿಲ್ಲುವ ಜಾಗದಲ್ಲಿ ದನಿ ಇಳಿಯಿತು. ಸಂಗೀತ ನಿರ್ದೇಶಕರು ಮುಖ ಎತ್ತಲಿಲ್ಲ. ಅಪ್ಪ, ಶ್ರುತಿ ನಿಲ್ಲುವುದಿಲ್ಲ ಇವಳಿಗೆ ಎಂದು ಎಲ್ಲರ ಮುಂದೆ ಹೇಳಿ ಎದ್ದರು. ಪರೀಕ್ಷೆಯ ಪ್ಲೇಟು ನಮಗೇಕೆ ಎಂದು ಸ್ಟುಡಿಯೋದವರು ಅದನ್ನು ಕೈಗೆ ಕೊಟ್ಟು ಕಳಿಸಿದರು. ಅಂದಿನಿಂದ ಅಕ್ಕ ಹಾಡಿಲ್ಲ. ಒಗ್ಗರಣೆ ಹಾಕುವಾಗ ಕೂಡ ಗುನುಗುವುದಿಲ್ಲ.

"ಇಳಿದದ್ದು ಅಕ್ಕ ಅಲ್ಲ," ಎಂದರು ಮೇಡಂ. "ಮಷೀನು. ಹಾರ್ಮೋನಿಯಮ್ಮೂ ಜೊತೇಲೇ ಇಳೀತು, ನಾನು ಕೇಳಿದೀನಿ. ನುಡಿಸೋವಾಗ ಕರೆಂಟು ಕುಗ್ಗಿ ತಟ್ಟೆ ನಿಧಾನ ಆಗಿದೆ. ಚಿಕ್ಕವಳ ಮಾತು ಯಾರು ಕೇಳ್ತಾರೆ."

ಇಷ್ಟು ವರ್ಷ ಅವರು ಆ ಪ್ಲೇಟನ್ನು ಕಾಪಾಡಿಕೊಂಡು ಬಂದದ್ದು ಇದಕ್ಕೆ. ವೇಗ ಕದಲದ ಒಂದು ಯಂತ್ರದಲ್ಲಿ ಅದನ್ನು ನುಡಿಸಬೇಕು, ಅಕ್ಕ ಕೇಳಬೇಕು. ಪರೀಕ್ಷೆ ಸುಲಭ ಎಂದರು. ಹಾರ್ಮೋನಿಯಮ್ಮಿನ ರೀಡು ಹಾಡುವವಳ ಜೊತೆ ಜಾರುವುದಿಲ್ಲ. ಆ ಜಾಗದಲ್ಲಿ ಎರಡೂ ಇಳಿದರೆ ತಪ್ಪು ಕೊರೆದ ಯಂತ್ರದ್ದು. ಎರಡೂ ನಿಂತರೆ ಅಂದು ನುಡಿಸಿದ ಯಂತ್ರದ್ದು. ದನಿ ಮಾತ್ರ ಇಳಿದರೆ, ಎಂದು ನಾನು ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ಅವರೂ ಅದನ್ನು ಹೇಳಲಿಲ್ಲ.

ಯಂತ್ರವನ್ನು ಅವರು ಆಗಲೇ ಸಂಪಾದಿಸಿದ್ದರು. ಒಂದು ದೊಡ್ಡ ಹೋಟೆಲಿನ ಡಿಸ್ಕೋದವರು ಸಿಡಿಗೆ ಬದಲಾದಾಗ ಹೊರಗೆ ಹಾಕಿದ ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್. ಸಾಮಾನ್ಯ ಯಂತ್ರಗಳಲ್ಲಿ ಮೋಟಾರು ಒಂದು ಕಡೆ, ತಟ್ಟೆ ಒಂದು ಕಡೆ, ನಡುವೆ ರಬ್ಬರಿನ ಬೆಲ್ಟು; ಬೆಲ್ಟು ಸಡಿಲವಾದರೆ ಹಾಡು ತೂಕಡಿಸುತ್ತದೆ. ಇದರಲ್ಲಿ ಬೆಲ್ಟೇ ಇಲ್ಲ. ತಟ್ಟೆಯ ಕೆಳಗೇ ಮೋಟಾರು, ಅದರ ವೇಗವನ್ನು ಕೈಗಡಿಯಾರದಲ್ಲಿರುವಂಥ ಒಂದು ಹರಳು ಕಾಯುತ್ತದೆ. ರಿಚಿ ಸ್ಟ್ರೀಟಿನಲ್ಲಿ ಅದನ್ನು ಮಾರಿದವನು, ಮನೆಯಲ್ಲಿ ಮೊಮ್ಮಕ್ಕಳು ಡಿಸ್ಕೋ ಆಡುತ್ತಾರಾ ಎಂದು ತಮಿಳಿನಲ್ಲಿ ಕೇಳಿದನಂತೆ. ಇಲ್ಲಪ್ಪ, ನಾನೇ ಆಡುತ್ತೇನೆ ಎಂದು ಹೇಳಿ ಆಟೋ ಹತ್ತಿದರಂತೆ.

ತೊಂದರೆ ಇದ್ದದ್ದು ಅದರ ಕೈಯಲ್ಲಿ. ಮುಳ್ಳನ್ನು ಹಿಡಿದು ಗೀರಿನ ಮೇಲೆ ಸಾಗುವ ಕೈ, ಟೋನ್‌ಆರ್ಮ್, ಮಾಮೂಲಿ ಪ್ಲೇಟಿಗೆ ತಕ್ಕಷ್ಟೇ ಉದ್ದವಾಗಿತ್ತು. ಈ ಪ್ಲೇಟನ್ನು ಇಟ್ಟರೆ ಅಂಚು ಕೈಯ ಬುಡಕ್ಕೇ ಬಡಿಯುತ್ತಿತ್ತು. ಹಳೆಯದನ್ನು ತೆಗೆದು, ಉದ್ದನೆಯ ಬೇರೊಂದು ಕೈಯನ್ನು ದೂರದಲ್ಲಿ ಕೂರಿಸಬೇಕು. ಸಿಂಗಾಪುರದಲ್ಲಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ಒಂದನ್ನು, ಅಗಲ ಗೀರಿಗೆ ತಕ್ಕ ಮುಳ್ಳಿನ ಸಮೇತ ತಂದುಕೊಟ್ಟಿದ್ದಳು. ಮೇಡಂ ಅದನ್ನು ಹತ್ತಿಯ ನಡುವಿನಿಂದ ಎತ್ತಿ ನನ್ನ ಮುಂದೆ ಹಿಡಿದು, "ನೋಡು, ಮಡಿಕೋಲು," ಎಂದರು. ಆಮೇಲೆ ನಮ್ಮಿಬ್ಬರ ನಡುವೆ ಅದಕ್ಕೆ ಬೇರೆ ಹೆಸರು ಬಳಕೆಯಾಗಲಿಲ್ಲ. ಹೋಲಿಕೆ ತಮಾಷೆಯದೂ ಆಗಿರಲಿಲ್ಲ. ಅವರ ತಾಯಿ ಒಂಬತ್ತು ಗಜದ ಒದ್ದೆ ಸೀರೆಯನ್ನು ಕೋಲಿನ ತುದಿಯಲ್ಲಿ ಎತ್ತಿದರೆ ಕೋಲಿನ ಹಿಂಬದಿ ಅವರ ಮೊಣಕೈಯ ಕೆಳಗೆ ಒತ್ತಿಕೊಂಡು ತೂಕ ಸರಿ ಮಾಡುತ್ತಿತ್ತಂತೆ. ಟೋನ್‌ಆರ್ಮಿನ ಹಿಂಬದಿಯಲ್ಲೂ ಒಂದು ಗುಂಡು ತೂಕವಿದೆ. ಅದನ್ನು ಹಿಂದೆ ಮುಂದೆ ಸರಿಸಿ ಮೊದಲು ಕೈ ಗಾಳಿಯಲ್ಲಿ ತೇಲುವಂತೆ ಮಾಡಬೇಕು, ಅಪ್ಪರಂ ಮುಳ್ಳಿಗೆ ಬೇಕಾದಷ್ಟೇ ಭಾರ ಕೊಡಬೇಕು. ಮುಟ್ಟಬೇಕು, ಆದರೆ ಮುಟ್ಟಿದ್ದು ಗೊತ್ತಾಗಬಾರದು.

ಯಂತ್ರ, ಕೈ ಎರಡೂ ಒಂದೇ ನೆಲದ ಮೇಲೆ ನಿಲ್ಲಬೇಕು, ಕದಲಿದರೆ ಎರಡೂ ಒಟ್ಟಿಗೆ ಕದಲಬೇಕು ಎಂಬುದು ಮೇಡಮ್ಮಿನ ನಿಯಮ. ಪೋರೂರಿನ ರಸ್ತೆಯಲ್ಲಿ ಲಾರಿ ಹೋದರೆ ಅವರ ಮನೆಯ ಕಿಟಕಿ ನಡುಗುತ್ತಿತ್ತು. ಅದಕ್ಕೆ ಭಾರವಾದ, ಹಳೆಯ, ಇನ್ನು ಬಾಗಲಾರದ ಮರ ಬೇಕು. ಅಂಥ ಒಂದು ಹಲಗೆ ಮನೆಯಲ್ಲೇ ಇತ್ತು. ತಿರುವಲ್ಲಿಕೇಣಿಯ ಮನೆಯ ತೂಗುಮಣೆ. ಫ್ಲಾಟಿನಲ್ಲಿ ತೂಗುಹಾಕಲು ಜಾಗವಿಲ್ಲದೆ ಗೋಡೆಗೆ ಒರಗಿಸಿಟ್ಟಿದ್ದರು. ಮೇಡಂ ಅದರ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವಾಗ ಮಾಮಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು.

"ನನ್ನ ಮದುವೇಲಿ ಕೂರಿಸಿದ ಮಣೆ ಕಣೇ ಅದು."

"ಗೊತ್ತು. ಈಗ ಕೂರ್ತೀಯಾ?"

"ಕೂರಲ್ಲ."

"ಹಾಗಾದ್ರೆ ಸುಮ್ನಿರು."

ಮಾಮಿ ಸ್ವಲ್ಪ ಹೊತ್ತು ನೋಡಿ, ತೂತು ಎಲ್ಲಿ ಬರುತ್ತದೆ ಎಂದು ಕೇಳಿದರು. ಮೇಡಂ ತೋರಿಸಿದರು. ಅದು ಅವರ ಗಂಡ ಕೂತ ಕಡೆಯಂತೆ. ಪರವಾಗಿಲ್ಲ ಎಂದು ಒಳಗೆ ಹೋದರು.

ಆ ಮಣೆಯಲ್ಲಿ ಇವತ್ತಿಗೂ ಒಂದು ತಪ್ಪು ತೂತಿದೆ. ತಟ್ಟೆಯ ನಡುಗಡ್ಡಿಯಿಂದ ಕೈಯ ಬುಡಕ್ಕೆ ಎಷ್ಟು ದೂರ ಇರಬೇಕು ಎಂಬುದನ್ನು ತೋರಿಸುವ ಕಾಗದದ ನಮೂನೆಯೊಂದನ್ನು ಸಿಂಗಾಪುರದವಳು ಫ್ಯಾಕ್ಸ್ ಮಾಡಿದ್ದಳು. ಮೇಡಂ ಅದನ್ನು ಹರವಿ, ಗುರುತು ಹಾಕಿ, ಡ್ರಿಲ್ ಹಿಡಿದು ಕೊರೆದೇಬಿಟ್ಟರು. ಕೊರೆದ ಮೇಲೆ ಏನೋ ಅನುಮಾನ ಬಂದು ನಮೂನೆಯ ಅಂಚಿನಲ್ಲಿದ್ದ ಸ್ಕೇಲಿನ ಪಕ್ಕ ತಮ್ಮ ಉಕ್ಕಿನ ಸ್ಕೇಲನ್ನು ಇಟ್ಟರು. ಫ್ಯಾಕ್ಸು ಚಿತ್ರವನ್ನು ಒಂದಿಷ್ಟು ಕುಗ್ಗಿಸಿತ್ತು. ಮೂವತ್ತು ವರ್ಷ ಹುಡುಗಿಯರಿಗೆ ಅಳೆಯುವ ಮುನ್ನ ಅಳತೆಗೋಲನ್ನು ಅಳೆಯಿರಿ ಎಂದು ಹೇಳಿಕೊಟ್ಟವರು ಕುರ್ಚಿಯಲ್ಲಿ ಕೂತು, ತೂತನ್ನೇ ನೋಡುತ್ತ, ಚೆನ್ನಾಗಿ ನಕ್ಕರು. ಮರದ ಬಿರಡೆ ಹಾಕಿ ಮುಚ್ಚಿ ಬಣ್ಣ ಬಳಿಯಬಹುದಲ್ಲ ಎಂದೆ. ಬಿರಡೆ ಹಾಕೋಣ, ಬಣ್ಣ ಬೇಡ, ನೋಡಿದವರು ಕೇಳಲಿ ಎಂದರು. ಹೊಸ ತೂತನ್ನು ಕೊರೆಯುವ ಮೊದಲು ಆ ದೂರವನ್ನು ನಾನು ಬೇರೆ, ಅವರು ಬೇರೆ ಅಳೆದು, ಬಂದ ಉತ್ತರವನ್ನು ಒಬ್ಬರಿಗೊಬ್ಬರು ಹೇಳಿದೆವು.

ಹೀಗೆ ಎಷ್ಟೋ ಭಾನುವಾರ ಹೋದವು. ಟಿವಿ ಬಂದ ರಟ್ಟಿನ ಪೆಟ್ಟಿಗೆಯಿಂದ ಪ್ಲೇಟಿನ ಅಳತೆಯ ಒಂದು ಚಕ್ರ ಕತ್ತರಿಸಿ, ಅದನ್ನು ತಿರುಗಿಸಿ, ಕೈಗೆ ಎಲ್ಲೂ ತಾಗುವುದಿಲ್ಲ ಎಂದು ನೋಡಿಕೊಂಡೆವು. ಕೂದಲಿಗಿಂತ ತೆಳ್ಳಗಿನ ತಂತಿಗಳನ್ನು ಬೆಸುಗೆ ಹಾಕುವಾಗ ಫ್ಯಾನು ನಿಲ್ಲಿಸಿ, ಉಸಿರೂ ಹಿಡಿದುಕೊಳ್ಳಬೇಕಾಯಿತು. ಎಲ್ಲ ಮುಗಿಸಿ ಒಂದು ಮಾಮೂಲಿ ಪ್ಲೇಟು ಹಾಕಿದರೆ ಹಾಡಿನ ಹಿಂದೆ ಗುಂಯ್ ಎಂದು ಜೇನುಗೂಡಿನ ಸದ್ದು. ಮೇಡಂ ಬೇಸರಿಸಲಿಲ್ಲ. ಕೈಯ ಬುಡದಿಂದ ಒಂದು ತಂತಿ ಎಳೆದು ಆಂಪ್ಲಿಫೈಯರಿನ ಬೆನ್ನಿಗೆ ಸಿಕ್ಕಿಸಿದರು, ಜೇನು ಹಾರಿಹೋಯಿತು. "ಪರವಾಯಿಲ್ಲೆ," ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ. ನಾನು ನನಗೇ ಎಂದುಕೊಂಡೆ.

ಮೇಡಂ ಬಗ್ಗೆ ನನಗಿದ್ದ ಒಂದೇ ತಕರಾರು, ಅಕ್ಕನಿಗೆ ಇದು ಬೇಕೋ ಬೇಡವೋ ಎಂದು ಅವರು ಒಮ್ಮೆಯೂ ಕೇಳದೆ ಇದ್ದದ್ದು. ಮಾಮಿ ನಮಗೆ ಕಾಫಿ ತಂದುಕೊಟ್ಟು, ಪತ್ರಿಕೆಯ ಧಾರಾವಾಹಿ ಓದಿಕೊಂಡು, ನಮ್ಮ ಕೆಲಸ ತಮಗೆ ಸಂಬಂಧಿಸಿದ್ದಲ್ಲ ಎಂಬಂತೆ ಇರುತ್ತಿದ್ದರು. ಅದು ಯಾವ ಪ್ಲೇಟಿಗಾಗಿ ಎಂದು ಅವರಿಗೆ ಗೊತ್ತಿತ್ತು ಎಂಬುದು ನನಗೆ ಮೊದಲಿನಿಂದಲೂ ಖಾತರಿ. ಪಂಚೆಯ ಗಂಟು ಒಂದು ವಾರ ಒಂದು ಥರ, ಇನ್ನೊಂದು ವಾರ ಇನ್ನೊಂದು ಥರ ಇರುತ್ತಿತ್ತು.

ಕೊನೆಗೆ ಒಂದು ಭಾನುವಾರ ಮಧ್ಯಾಹ್ನ, ಲಾರಿಗಳು ಕಡಿಮೆ ಇರುವ ಹೊತ್ತು ನೋಡಿ, ಪ್ಲೇಟನ್ನು ಹೊರತೆಗೆದರು. ಹಿಂದಿನ ವಾರವೇ ಅದರ ಬಿಳಿಯ ಪುಡಿಯನ್ನು ಭಟ್ಟಿಯಿಳಿಸಿದ ನೀರಿನಲ್ಲಿ ಅದ್ದಿದ ಹಳೆಯ ರೇಷ್ಮೆ ಬಟ್ಟೆಯಿಂದ ಒರೆಸಿದ್ದೆವು. ಆ ಲೇಪ ಎಷ್ಟು ಮೃದುವೆಂದರೆ ಪ್ರತಿ ಸಲ ಮುಳ್ಳು ಹೋದಾಗಲೂ ಸವೆಯುತ್ತದೆ. ಕೆಲವೇ ಸಲ ಸರಿಯಾಗಿ ಕೇಳಿಸೀತು. ಕ್ಯಾಸೆಟ್ಟಿಗೆ ಇಳಿಸಿಕೊಳ್ಳಲು ಏರ್ಪಾಡು ಮಾಡಿದ್ದರೂ, ಕ್ಯಾಸೆಟ್ಟಿನ ಮೋಟಾರನ್ನು ನಂಬಿ ತೀರ್ಪು ಹೇಳಲಾಗದು, ಈಗ ಕಿವಿಯಲ್ಲಿ ಕೇಳಿದ್ದೇ ಲೆಕ್ಕ ಎಂದರು.

ಒಂದು ಕೆಲಸ ನನಗಿತ್ತು. ಈ ಯಂತ್ರದ ತಟ್ಟೆಯ ಪಕ್ಕದ ಅಂಚಿನಲ್ಲಿ ಸಾಲು ಚುಕ್ಕಿಗಳಿವೆ, ಅವುಗಳ ಮೇಲೆ ಒಂದು ಕೆಂಪು ದೀಪ ಮಿಣುಕುತ್ತದೆ. ವೇಗ ಸರಿಯಿದ್ದರೆ ತಟ್ಟೆ ತಿರುಗುತ್ತಿದ್ದರೂ ಚುಕ್ಕಿಗಳು ನಿಂತಂತೆ ಕಾಣುತ್ತವೆ. ಕೊಂಚ ಹೆಚ್ಚು ಕಡಿಮೆಯಾದರೂ ನಡೆಯತೊಡಗುತ್ತವೆ. ಆದರೆ ಈ ದೊಡ್ಡ ಪ್ಲೇಟು ಕೊಡೆಯಂತೆ ಹರಡಿಕೊಂಡು ಚುಕ್ಕಿಗಳನ್ನು ಮರೆಮಾಡಿತ್ತು. ಮೇಡಮ್ಮಿನ ಕುಂಕುಮದ ಡಬ್ಬಿಯ ಪುಟ್ಟ ಕನ್ನಡಿಯನ್ನು ಅದರ ಕೆಳಗೆ ಓರೆಯಾಗಿ ಹಿಡಿದು ನಾನು ಅವುಗಳನ್ನು ನೋಡುತ್ತಿರಬೇಕು, ಕೇಳಿದಾಗ ಹೇಳಬೇಕು.

"ಅಕ್ಕಾ, ಬಾ. ಕೂತ್ಕೋ," ಎಂದು ಮೇಡಂ ಕರೆದರು. ಮಾಮಿ ಬಂದು, ಸೆರಗು ಸರಿಮಾಡಿಕೊಂಡು, ಕುರ್ಚಿಯ ಅಂಚಿನಲ್ಲಿ ಕೂತರು. ಮೇಡಂ ಬಳೆ ತೆಗೆದು ಮೇಜಿನ ಮೇಲಿಟ್ಟರು. ಮಡಿಕೋಲನ್ನು ಎತ್ತಿ ಪ್ಲೇಟಿನ ಮೇಲೆ ತಂದು ಬಿಟ್ಟರು. ಅದು ಇಳಿದದ್ದು ನನಗೆ ಕಾಣಿಸಲಿಲ್ಲ, ಕೇಳಿಸಿತು.

ಹುರಿಯುವಂಥ ಚಟಪಟ ಸದ್ದಿನ ಒಳಗಿನಿಂದ ಹಾರ್ಮೋನಿಯಂ ಬಂತು. ಅದರ ಹಿಂದೆ ಒಂದು ಹುಡುಗಿಯ ದನಿ. ನಾನು ಕಣ್ಣನ್ನು ಕನ್ನಡಿಯಿಂದ ತೆಗೆಯುವಂತಿರಲಿಲ್ಲ, ಹಾಗಾಗಿ ಯಾರ ಮುಖ ಹೇಗಿತ್ತೆಂದು ತಿಳಿಯದು. ದನಿ ತೆಳುವಾಗಿ, ನೇರವಾಗಿ, ಸ್ವಲ್ಪ ಹೆದರಿದಂತೆ ಇತ್ತು. ಪಲ್ಲವಿ ಮುಗಿಯಿತು. "ಚುಕ್ಕಿ?" ಎಂದರು ಮೇಡಂ. ನಿಂತಿವೆ ಎಂದೆ. ಚರಣ ಶುರುವಾಯಿತು. ದನಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗಿ ಷಡ್ಜವನ್ನು ಮುಟ್ಟಿತು, ಒಂದು ಕ್ಷಣ ನಿಂತಿತು. ಆಮೇಲೆ, ಏರಿದವರ ಕಾಲು ಸೋತಂತೆ, ತುಸುವೇ ತುಸು ಕೆಳಗೆ ಜಾರಿತು. ಅದರ ಕೆಳಗೆ ಹಾರ್ಮೋನಿಯಂ ಅದೇ ಷಡ್ಜವನ್ನು ಹಿಡಿದುಕೊಂಡು ಅಲ್ಲಾಡದೆ ನಿಂತಿತ್ತು.

"ಚುಕ್ಕಿ ನೋಡು ಮಾ."

"ನಿಂತಿವೆ ಮೇಡಂ."

"ಸರಿಯಾಗಿ ನೋಡು."

ಸರಿಯಾಗಿ ನೋಡಿದೆ. ಆ ಕ್ಷಣದಲ್ಲಿ ಅವು ನಡೆಯಲಿ ಎಂದು ಎಷ್ಟು ಬಯಸಿದೆನೆಂದರೆ, ನಡೆದಂತೆ ಕಂಡುಬಿಟ್ಟೀತೆಂದು ಭಯವಾಯಿತು. "ನಿಂತೇ ಇವೆ," ಎಂದೆ.

ಹಾಡು ಮುಗಿದು ಗೀರು ಬರಿದಾಯಿತು. ಮೇಡಂ ಕೈಯನ್ನು ಎತ್ತಿ ಅದರ ಗೂಡಿಗೆ ಇಟ್ಟರು. ಅವರಿಗೆ ದಾರಿಗಳಿದ್ದವು. ಕೈ ನಾನೇ ಕೂರಿಸಿದ್ದು, ಎಲ್ಲೋ ತಪ್ಪಿದೆ ಎನ್ನಬಹುದಿತ್ತು. ಲೇಪ ಹಳತಾಗಿದೆ ಎನ್ನಬಹುದಿತ್ತು. ಏನೂ ಹೇಳದೆಯೂ ಇರಬಹುದಿತ್ತು. ಅವರು ಕುರ್ಚಿ ಎಳೆದುಕೊಂಡು ಅಕ್ಕನ ಎದುರು ಕೂತರು.

"ಅಕ್ಕಾ, ಮಷೀನು ಸರಿಯಾಗಿದೆ. ಹಾರ್ಮೋನಿಯಂ ನಿಂತಿದೆ. ಆ ಜಾಗದಲ್ಲಿ ಇಳಿದದ್ದು ನೀನೇ. ನಾನು ಅವತ್ತು ಕೇಳಿದ್ದು ತಪ್ಪು."

ಇಡೀ ಜೀವಮಾನದ ನಂಬಿಕೆಯನ್ನು ಒಬ್ಬರು ಇಷ್ಟು ಚಿಕ್ಕ ವಾಕ್ಯಗಳಲ್ಲಿ ಕೆಳಗಿಟ್ಟದ್ದನ್ನು ನಾನು ಮತ್ತೆ ಕಂಡಿಲ್ಲ. ದನಿ ನಡುಗಲಿಲ್ಲ. ಸ್ಕ್ರೂ ಬಿಗಿಸುವಾಗಿನಂತೆ ಕಣ್ಣು ಮಾತ್ರ ಮುಚ್ಚಿಕೊಂಡಿದ್ದರು.

ಮಾಮಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ನನಗೆ ಅವತ್ತೇ ಗೊತ್ತಿತ್ತು ಕಣೇ," ಎಂದರು. "ಬಾಯಿಂದ ಬಿಡೋವಾಗ್ಲೇ ಗೊತ್ತಾಗತ್ತೆ, ಮಷೀನು ಬೇಕಾ ಅದಕ್ಕೆ?"

ಮೇಡಂ ಕಣ್ಣು ತೆರೆದರು. "ಮತ್ತೆ ಹೇಳಲೇ ಇಲ್ಲ?"

"ಹೇಗೆ ಹೇಳಲಿ? ಜಟಕಾದಲ್ಲಿ ಮನೇವರೆಗೂ ನೀನು ಮಷೀನು ಸರಿಯಿಲ್ಲ ಮಷೀನು ಸರಿಯಿಲ್ಲ ಅಂತ ಅತ್ಕೊಂಡು ಬಂದೆ. ಅಪ್ಪನ ಹತ್ರ ಏಟು ತಿಂದೆ. ಅವತ್ತು ನನ್ನ ಕಡೆ ಮಾತಾಡಿದ್ದು ನೀನೊಬ್ಬಳೇ. ಅಪ್ಪರಂ ಮಷೀನು ಮಷೀನು ಅಂತ ಓದೋಕೆ ಹೋದೆ, ಕಾಲೇಜಿಗೆ ಹೋದೆ, ಮೇಡಂ ಆದೆ. ನಡುವೆ ಬಂದು, ಇಲ್ಲ ಕಣೇ ತಪ್ಪು ನಂದು ಅನ್ನಲಾ?"

ಮೇಡಂ ಪ್ಲೇಟಿನ ಕಡೆಗೊಮ್ಮೆ ನೋಡಿ, "ಒಂದೇ ಕಡೆ ಅಕ್ಕಾ. ಮಿಕ್ಕಿದ್ದೆಲ್ಲಾ ಕರೆಕ್ಟಾಗಿ ನಿಂತಿದೆ," ಎಂದರು. ನನಗೆ ಗೊತ್ತಿದ್ದಂತೆ ಅವರು 'ಪರವಾಯಿಲ್ಲೆ'ಗಿಂತ ಹೆಚ್ಚಿನ ಮಾತು ಆಡಿದ್ದು ಅದೊಂದೇ ಸಲ.

"ಇನ್ನೊಂದ್ಸಲ ಹಾಕು," ಎಂದರು ಮಾಮಿ. "ಈ ಸಲ ನಾನು ಹಾಡು ಕೇಳ್ತೀನಿ."

ಮೇಡಂ ಮತ್ತೆ ಮಡಿಕೋಲನ್ನು ತಂದು ಇಳಿಸಿದರು. ಚುಕ್ಕಿ ನೋಡಲು ಈ ಸಲ ಹೇಳಲಿಲ್ಲವಾದ್ದರಿಂದ ನಾನು ತಲೆಯೆತ್ತಿ ನೋಡುತ್ತಿದ್ದೆ. ಹಾರ್ಮೋನಿಯಂ ಶುರುವಾದಾಗ ಅವರ ಬೆರಳು ಯಂತ್ರದ ಬಲ ಅಂಚಿನಲ್ಲಿದ್ದ ಒಂದು ಜಾರುಗುಂಡಿಯ ಮೇಲೆ ಹೋಗಿ ಕೂತಿತು. ಮಾಮಿಯ ಕಣ್ಣಿಗೂ ಅದು ಬಿತ್ತು.

"ಅದೇನೇ?"

"ವೇಗ ಸೊಲ್ಪ ಹೆಚ್ಚು ಕಡಿಮೆ ಮಾಡೋದು. ಡಿಸ್ಕೋದವರಿಗೆ ಬೇಕಾಗತ್ತೆ."

"ಅದನ್ನ ತಳ್ಳಿದ್ರೆ ನಾನು ಇಳಿದದ್ದು ಸರಿಹೋಗತ್ತಾ?"

ಮೇಡಂ ಸುಳ್ಳು ಹೇಳಲಿಲ್ಲ. "ಹೋಗತ್ತೆ. ಆ ಜಾಗ ಬಂದಾಗ ಕೂದಲೆಳೆಯಷ್ಟು ತಳ್ಳಿದ್ರೆ ಸಾಕು. ಆದರೆ ಹಾರ್ಮೋನಿಯಂ ಮೇಲೆ ಹೋಗಿಬಿಡತ್ತೆ."

ಮಾಮಿ ಯೋಚಿಸಿದರು. ಪ್ಲೇಟಿನಲ್ಲಿ ಹುಡುಗಿ ಹಾಡಲು ಉಸಿರೆಳೆದುಕೊಂಡದ್ದು ಕೇಳಿಸಿತು.

"ಹಾಗಾದ್ರೆ ಬಿಡೇ," ಎಂದರು. "ಪಾಪ, ಅವರು ಸರಿಯಾಗೇ ನುಡಿಸಿದಾರೆ."

ಮೇಡಂ ಬೆರಳು ತೆಗೆದರು.